ಸ್ಕೂಟರು: ಜುಟ್ಟಿನ ಮಲ್ಲಿಗೆಯೋ, ಹೆಗಲ ನೊಗವೋ?

ಕಳೆದ ವಾರ ನಮ್ಮ ತಾಲ್ಲೂಕು ಊರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಆಳುವ ಪಕ್ಷಗಳ ಬಾಗಿಲನ್ನು ಒಂದಾದ ಮೇಲೆ ಒಂದರಂತೆ ಸುತ್ತಿ ಬಂದಿರುವ ಮಹನೀಯರೊಬ್ಬರು ನನ್ನ ಮೇಜಿಗೇ ಬಂದು ಕುಳಿತರು. ಕುಳಿತವರೇ ಎಲ್ಲರಿಗೂ ಕೇಳುವಂತೆ ಹೇಳಿದರು: “ಏನ್ ಮೇಷ್ಟ್ರೇ, ಬಡವರು ಬಡವರು ಅಂತ ಊರೂರಲ್ಲಿ ಭಾಷಣ ಮಾಡ್ತೀರಿ. ಹೊರಗೆ ನೋಡಿ, ಎಷ್ಟು ಸ್ಕೂಟರು ನಿಂತಿವೆ! ಕೂಲಿಯವನ ಮನೆ ಮುಂದೂ ಒಂದು ಸ್ಕೂಟರು. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ! ನಿಮ್ಮ ಬಡತನ ಎಲ್ಲಿದೆ, ಸ್ವಲ್ಪ ತೋರ್ಸಿ ಸ್ವಾಮಿ.”

ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆ. ಹೊರಗೆ ನಿಂತಿದ್ದ ಆ ಸ್ಕೂಟರುಗಳಲ್ಲಿ ಒಂದು ನನ್ನದೇ ಆಗಿತ್ತು. ಆಗ ಬಾಯಿಗೆ ಬಾರದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಆ ಮಹನೀಯರು ಓದಲಿ, ನಕ್ಕವರೂ ಓದಲಿ.

ಇದು ಹೋಟೆಲಿನ ಹರಟೆ ಮಾತ್ರವಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಆದರೆ ಇದೇ ಮಾತನ್ನು ದೊಡ್ಡವರು ದೊಡ್ಡ ಭಾಷೆಯಲ್ಲಿ ಆಡುತ್ತಿದ್ದಾರೆ. 2024-25ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 1 ಕೋಟಿ 96 ಲಕ್ಷ ಇಬ್ಬಾಲಿ ವಾಹನಗಳು, ಎಂದರೆ ಎರಡು ಗಾಲಿಯ ಮೋಟಾರುಗಳು, ಮಾರಾಟವಾದವು. ಅವುಗಳಲ್ಲಿ 68 ಲಕ್ಷಕ್ಕೂ ಮೇಲ್ಪಟ್ಟು ಸ್ಕೂಟರುಗಳು. ಈ ಅಂಕಿ ಬಂದಾಗಲೆಲ್ಲ ಪತ್ರಿಕೆಗಳ ವ್ಯಾಪಾರದ ಪುಟಗಳು ಹಳ್ಳಿಗಳು ಚೇತರಿಸಿಕೊಂಡವೆಂದು ಬರೆಯುತ್ತವೆ. ಮಂತ್ರಿಗಳು ಅದನ್ನೇ ಸಭೆಗಳಲ್ಲಿ ಓದುತ್ತಾರೆ. ಸ್ಕೂಟರಿನ ಮೇಲೆ ನೂರಕ್ಕೆ 28 ಇದ್ದ ಜಿಎಸ್‌ಟಿ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಾಗಲಂತೂ ಬಡವರಿಗೆ ದೊಡ್ಡ ದಾನ ಸಿಕ್ಕಿತೆಂಬ ಸಂಭ್ರಮ. ಸ್ಕೂಟರು ಹೆಚ್ಚಿದರೆ ಸಂಪತ್ತು ಹೆಚ್ಚಿತು, ಇದು ಅವರ ಸೂತ್ರ.

ಈ ಸೂತ್ರ ತಪ್ಪು ಎಂಬುದೇ ನನ್ನ ವಾದ. ಕೆಲಸಕ್ಕೆ ಹೋಗಿ ಬರುವ ಖರ್ಚನ್ನು ಮೊದಲು ಸರ್ಕಾರವೂ ಕೆಲಸ ಕೊಟ್ಟವರೂ ಅಷ್ಟೋ ಇಷ್ಟೋ ಹೊರುತ್ತಿದ್ದರು. ಈಗ ಅದನ್ನು ಪೂರ್ತಿಯಾಗಿ ದುಡಿಯುವವನ ತಲೆಗೆ ಕಟ್ಟಲಾಗಿದೆ. ಮನೆ ಮುಂದಿನ ಸ್ಕೂಟರು ಐಶ್ವರ್ಯದ ಗುರುತಲ್ಲ, ಅವನು ತೆತ್ತ ಕಂದಾಯದ ರಸೀತಿ.

ನಾನು ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು. ಅನುದಾನವಿಲ್ಲದ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಆದ್ದರಿಂದ ಭಾಷಣಕ್ಕೆ ಮೊದಲು ಲೆಕ್ಕ.

ನನ್ನ ಹಳ್ಳಿಯಿಂದ ಶಾಲೆಗೆ 23 ಕಿಲೋಮೀಟರು. ಬೆಳಿಗ್ಗೆ ಎಂಟಕ್ಕೆ ಒಂದು ಖಾಸಗಿ ಬಸ್ಸು ಹೋಗುತ್ತಿತ್ತು, ಸಂಜೆ ಐದೂವರೆಗೆ ಅದೇ ಬಸ್ಸು ಮರಳುತ್ತಿತ್ತು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಅದು ನಿಂತಿತು. ಲಾಕ್‌ಡೌನ್ ಹೋಯಿತು, ಬಸ್ಸು ಬರಲಿಲ್ಲ. “ಡೀಸೆಲ್ಲು ಮೇಲಾಯ್ತು, ಜನ ಕಡಿಮೆಯಾದ್ರು, ನಾನೇನು ಮಾಡ್ಲಿ ಮೇಷ್ಟ್ರೇ” ಎಂದರು ಬಸ್ಸಿನ ಯಜಮಾನರು. 2021ರಲ್ಲಿ ಶಾಲೆ ಮತ್ತೆ ತೆರೆದಾಗ ನನ್ನ ಮುಂದೆ ಇದ್ದದ್ದು ಎರಡೇ ದಾರಿ: ಕೆಲಸ ಬಿಡುವುದು, ಇಲ್ಲವೇ ಸ್ಕೂಟರು ಕೊಳ್ಳುವುದು. ಆ ವರ್ಷದ ಸೆಪ್ಟೆಂಬರಿನಲ್ಲಿ ಕೊಂಡೆ.

ರಸ್ತೆಗಿಳಿಯುವ ಹೊತ್ತಿಗೆ ಸ್ಕೂಟರಿನ ಬೆಲೆ 98,000 ರೂಪಾಯಿ. ನನ್ನ ಸಂಬಳ 11,000. ಹೆಂಡತಿಯ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು 18,000 ಮುಂಗಡ ಕಟ್ಟಿದೆ. ಉಳಿದ 80,000ಕ್ಕೆ ಸಾಲ. ಕಂತಿನ ಕಂಪನಿಯ ಹುಡುಗ ನಗುತ್ತಾ ಹೇಳಿದ: “ನೂರಕ್ಕೆ ಹನ್ನೆರಡು ಸಾರ್, ಅಷ್ಟೇ.” ವರ್ಷಕ್ಕೆ 9,600ರಂತೆ ಮೂರು ವರ್ಷಕ್ಕೆ ಬಡ್ಡಿ 28,800. ಅಸಲು ಸೇರಿ 1,08,800. ಮೂವತ್ತಾರರಿಂದ ಭಾಗಿಸಿದರೆ ತಿಂಗಳ ಕಂತು 3,022.

ನಾಲ್ಕನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ. ಆದರೆ ಇದರಲ್ಲಿ ಒಂದು ಕಣ್ಕಟ್ಟಿದೆ. ನಾನು ಪ್ರತಿ ತಿಂಗಳೂ ಅಸಲನ್ನು ತೀರಿಸುತ್ತಲೇ ಬರುತ್ತೇನೆ. ಎರಡು ವರ್ಷ ಕಳೆಯುವ ಹೊತ್ತಿಗೆ ಅವರ ಹಣ ನನ್ನಲ್ಲಿ ಉಳಿದಿರುವುದು ಅರ್ಧಕ್ಕೂ ಕಡಿಮೆ. ಆದರೂ ಬಡ್ಡಿ ಬೀಳುವುದು ಮೊದಲಿನ 80,000ಕ್ಕೇ! ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ನ್ಯಾಯವಾದ ಕ್ರಮದಲ್ಲಿ ಇದೇ ಕಂತನ್ನು ಲೆಕ್ಕ ಹಾಕಿ ನೋಡಿ: ದರ ನೂರಕ್ಕೆ ಹನ್ನೆರಡಲ್ಲ, ಇಪ್ಪತ್ತೊಂದನ್ನು ಮೀರುತ್ತದೆ. ಮಕ್ಕಳಿಗೆ ಸರಳ ಬಡ್ಡಿ ಕಲಿಸುತ್ತಿದ್ದ ಮೇಷ್ಟರೇ ಈ ಬಲೆಗೆ ಬಿದ್ದ ಮೇಲೆ, ಅಡಿಕೆ ಸುಲಿಯಲು ಹೋಗುವ ಹೆಣ್ಣುಮಗಳಿಗೆ ಇದು ತಿಳಿಯಲಿಲ್ಲವೆಂದು ಯಾರು ಬಯ್ಯಬಲ್ಲರು?

ಕಂತಾಯಿತು, ಇನ್ನು ಪೆಟ್ರೋಲು. ದಿನಕ್ಕೆ 46 ಕಿಲೋಮೀಟರು, ತಿಂಗಳಿಗೆ 25 ದಿನ, ಒಟ್ಟು 1,150 ಕಿಲೋಮೀಟರು. ಲೀಟರಿಗೆ 45 ಕಿಲೋಮೀಟರು ಓಡಿತು, ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಸುಮಾರು 2,550. ಆಯಿಲು, ಟೈರು, ಬ್ರೇಕು, ಪಂಕ್ಚರು, ವಿಮೆ ಎಲ್ಲ ಸೇರಿ ತಿಂಗಳಿಗೆ ಹೆಚ್ಚಿಲ್ಲ, 400. ಒಟ್ಟು 5,972. ಸಂಬಳ 11,000ದಲ್ಲಿ ಮನೆಗೆ ಉಳಿದದ್ದು 5,028.

ಬಸ್ಸಿದ್ದಿದ್ದರೆ? ಹೋಗಲು 30, ಬರಲು 30, ತಿಂಗಳಿಗೆ 1,500. ವ್ಯತ್ಯಾಸ 4,472 ರೂಪಾಯಿ. ಮೂರು ವರ್ಷದಲ್ಲಿ ಇದು 1,60,992 ಆಗುತ್ತದೆ. ಮುಂಗಡದ 18,000 ಸೇರಿಸಿ. ಕೊನೆಗೆ ಸ್ಕೂಟರು ನನ್ನದೇ ಆಯಿತಲ್ಲ ಎನ್ನುವವರಿಗಾಗಿ ಹಳೆಯ ಸ್ಕೂಟರಿನ ಬೆಲೆಯೆಂದು 40,000 ಕಳೆಯಿರಿ. ಬೇಸಿಗೆ ರಜೆಯಲ್ಲಿ ಉಳಿದ ಪೆಟ್ರೋಲನ್ನೂ ಕಳೆಯಿರಿ. ಆದರೂ ಹೆಚ್ಚು ಕಡಿಮೆ ನನ್ನ ಒಂದು ವರ್ಷದ ಸಂಬಳ ಉಳಿಯುತ್ತದೆ. ಮೂರು ವರ್ಷ ಪಾಠ ಮಾಡಿದೆ. ಅದರಲ್ಲಿ ಒಂದು ವರ್ಷದ ಸಂಬಳ ಶಾಲೆಯ ಬಾಗಿಲು ಮುಟ್ಟುವುದಕ್ಕೇ ಹೋಯಿತು.

ಈಗ ಹೇಳಿ ಮಹನೀಯರೇ, ಇದು ಜುಟ್ಟಿನ ಮಲ್ಲಿಗೆಯೆ? ಮಲ್ಲಿಗೆಯನ್ನು ಮುಡಿಯದೆ ಇರಬಹುದು. ನಾನು ಸ್ಕೂಟರು ಕೊಳ್ಳದೆ ಇರಲು ಸಾಧ್ಯವಿತ್ತೆ? ಎತ್ತಿನ ಹೆಗಲ ಮೇಲಿನ ನೊಗವನ್ನು ನೋಡಿ, “ಆಹಾ, ಎತ್ತು ಎಷ್ಟು ಚೆಂದದ ಆಭರಣ ಹಾಕಿಕೊಂಡಿದೆ” ಎಂದು ಯಾರಾದರೂ ಹೇಳಿಯಾರೆ? ಅದೂ ತನ್ನ ನೊಗಕ್ಕೆ ಎತ್ತೇ ಕಂತು ಕಟ್ಟಬೇಕಾದ ಕಾಲ ಇದು.

ಸ್ಕೂಟರಿನ ಮೇಲೆ ನನಗೆ ಹಗೆತನವಿಲ್ಲ. ಅದು ಹುಟ್ಟಿದ್ದೇ ಸಾಮಾನ್ಯರ ಕಷ್ಟಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಸ್ತೆಗಳು, ರೈಲು ದಾರಿಗಳು ಹಾಳಾಗಿದ್ದವು. ವಿಮಾನ ಮಾಡುತ್ತಿದ್ದ ಪಿಯಾಜಿಯೋ ಕಂಪನಿಯ ಕಾರ್ಖಾನೆ ಬಾಂಬಿಗೆ ತುತ್ತಾಗಿತ್ತು. ಅದೇ ಕಂಪನಿ ಕೊರಾಡಿನೋ ದಾಸ್ಕಾನಿಯೋ ಎಂಬ ವಿಮಾನದ ಇಂಜಿನಿಯರಿನ ಕೈಯಲ್ಲಿ 1946ರಲ್ಲಿ ವೆಸ್ಪಾ ಸ್ಕೂಟರನ್ನು ಮಾಡಿಸಿತು. ಕಾಲು ಚಾಚಿ ಕುಳಿತುಕೊಳ್ಳಬಹುದು, ಬಟ್ಟೆಗೆ ಎಣ್ಣೆ ಮೆತ್ತುವುದಿಲ್ಲ, ಹೆಂಗಸರೂ ಓಡಿಸಬಹುದು. ಕೆಲಸಗಾರನಿಗೆ ಅದು ಉಪಕಾರದ ಯಂತ್ರವೇ ಸರಿ.

ನಮ್ಮ ದೇಶಕ್ಕೆ ಬಂದಾಗ ಮಾತ್ರ ಅದು ಕೆಲಸಗಾರನ ಕೈಗೆ ಸಿಕ್ಕಲಿಲ್ಲ. ಬಜಾಜ್ ಮನೆತನದ ಕಂಪನಿ 1948ರಿಂದ ವೆಸ್ಪಾ ತರಿಸಿ ಮಾರುತ್ತಿತ್ತು. 1959ರಲ್ಲಿ ಇಲ್ಲಿಯೇ ತಯಾರಿಸಲು ಪರವಾನಗಿ ಪಡೆಯಿತು. ಮುಂಬಯಿಯ ಇನ್ನೊಂದು ಕಂಪನಿ ಲ್ಯಾಂಬ್ರೆಟಾ ಸ್ಕೂಟರನ್ನು ಜೋಡಿಸುತ್ತಿತ್ತು. ಎಷ್ಟು ಮಾಡಬೇಕೆಂಬುದು ಸರ್ಕಾರದ ಪರವಾನಗಿಯಲ್ಲಿ, ಯಾರಿಗೆ ಸಿಕ್ಕಬೇಕೆಂಬುದು ಕೋಟಾದಲ್ಲಿ. ಹಣ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ, ಕೆಲವು ಊರುಗಳಲ್ಲಿ ಹತ್ತು ವರ್ಷದವರೆಗೆ, ಜನ ಕಾದರು. ವಿದೇಶದ ಹಣ ತಂದುಕೊಟ್ಟವರಿಗೆ ಬೇಗ ಸಿಕ್ಕಿತು. ಸರದಿಯಲ್ಲಿ ಬಂದ ಸ್ಕೂಟರನ್ನು ಅಂಗಡಿಯ ಬಾಗಿಲಲ್ಲೇ ಹೆಚ್ಚಿನ ಬೆಲೆಗೆ ಮಾರಿಕೊಂಡವರೂ ಇದ್ದರು. ವರದಕ್ಷಿಣೆ ನಿಷೇಧದ ಕಾಯಿದೆ 1961ರಲ್ಲೇ ಬಂದಿತ್ತು. ಆದರೂ “ಹುಡುಗನಿಗೆ ಒಂದು ಸ್ಕೂಟರು” ಎಂಬುದು ವರೋಪಚಾರದ ಪಟ್ಟಿಯಲ್ಲಿ ನಾಚಿಕೆಯಿಲ್ಲದೆ ಕುಳಿತಿತು. 1972ರಲ್ಲಿ ಲಖನೌದಲ್ಲಿ ಸರ್ಕಾರವೇ ಸ್ಕೂಟರ್ಸ್ ಇಂಡಿಯಾ ಎಂಬ ಕಂಪನಿ ಸ್ಥಾಪಿಸಿತು. 2021ರಲ್ಲಿ ಅದನ್ನು ಮುಚ್ಚುವ ನಿರ್ಧಾರವಾಯಿತು.

ಸಮಾಜವಾದದ ಹೆಸರಿನಲ್ಲಿ ನಡೆದ ಆ ಪರವಾನಗಿ ರಾಜ್ಯವನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಅಲ್ಲಿ ಹಂಚಿದ್ದು ಸಮಾನತೆಯನ್ನಲ್ಲ, ಕೊರತೆಯನ್ನು. ಅದರ ಲಾಭ ಹೋದದ್ದು ವಶೀಲಿ ಇದ್ದವರಿಗೆ ಮತ್ತು ಪರವಾನಗಿ ಹಿಡಿದ ಕೆಲವೇ ಕಂಪನಿಗಳಿಗೆ. ಅದು ತಪ್ಪೆಂದು ನಮ್ಮವರೇ ಮೊದಲು ಒಪ್ಪಿಕೊಳ್ಳಬೇಕು. ಮುಂದೆ ಕಟ್ಟು ಸಡಿಲವಾಯಿತು. 1984ರಲ್ಲಿ ಗೇರಿಲ್ಲದ ಕೈನೆಟಿಕ್ ಹೊಂಡಾ ಬಂದಿತು, 2001ರಲ್ಲಿ ಆಕ್ಟಿವಾ ಬಂದಿತು. ಸರದಿಯ ಪುಸ್ತಕ ಹೋಯಿತು, ಸಾಲದ ಪುಸ್ತಕ ಬಂದಿತು. ಹಿಂದೆ “ಹತ್ತು ವರ್ಷ ಕಾಯಿ” ಎಂದರು, ಈಗ “ಇವತ್ತೇ ಒಯ್ಯಿ, ಮೂರು ವರ್ಷ ದುಡಿದು ಹಾಕು” ಎನ್ನುತ್ತಾರೆ. ಎರಡು ಕಾಲದಲ್ಲೂ ಕೇಳದೆ ಉಳಿದ ಪ್ರಶ್ನೆ ಒಂದೇ: ಸ್ಕೂಟರಿಲ್ಲದವನು ಕೆಲಸಕ್ಕೆ ಹೋಗುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯಕ್ಕೆ ಗೊತ್ತಿರಲಿಲ್ಲವೆ? ಗೊತ್ತಿತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಡನೆ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಪಾಠವೊಂದು ನಡೆಯಿತು. 1991ರಲ್ಲಿ ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದರ ಕೆಲಸಗಾರರು ತಾವೇ ಕೂಡಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಯಜಮಾನರು. ಧಣಿಯಿಲ್ಲದೆ ಬಸ್ಸು ಓಡೀತೆ ಎಂದು ನಕ್ಕವರ ಕಣ್ಣ ಮುಂದೆಯೇ ಸುಮಾರು ಮೂರು ದಶಕ ಓಡಿಸಿ ತೋರಿಸಿದರು. ನಷ್ಟದ ಹೊರೆ ತಾಳಲಾರದೆ 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಸೀಮೆಯ ಜನರನ್ನು ಮೂರು ದಶಕ ಹೊತ್ತ ಸಂಸ್ಥೆ ಕುಸಿಯುವಾಗ ಆಳುವವರ ಕೈ ಅದನ್ನು ಎತ್ತಿ ಹಿಡಿಯಲಿಲ್ಲ.

ಬಸ್ಸು ನಿಲ್ಲುವ ಬಗೆಯನ್ನು ವಾಚಕರು ಗಮನಿಸಬೇಕು. ಮೊದಲು ಒಂದು ಟ್ರಿಪ್ಪು ರದ್ದಾಗುತ್ತದೆ. ಕೆಲಸಕ್ಕೆ ತಡವಾಗುವುದೆಂದು ಹತ್ತು ಮಂದಿ ಸಾಲ ಮಾಡಿ ಸ್ಕೂಟರು ಕೊಳ್ಳುತ್ತಾರೆ. ಬಸ್ಸಿನಲ್ಲಿ ಹತ್ತು ಸೀಟು ಖಾಲಿ. “ಜನವೇ ಇಲ್ಲ” ಎಂದು ಇನ್ನೊಂದು ಟ್ರಿಪ್ಪು ರದ್ದು. ಮತ್ತೆ ಹತ್ತು ಸ್ಕೂಟರು. ಕೊನೆಗೆ ಉಳಿಯುವವರು ಶಾಲೆಯ ಮಕ್ಕಳು, ಮುದುಕರು, ಆಸ್ಪತ್ರೆಗೆ ಹೋಗುವ ಬಸುರಿಯರು. ಅವರಿಗಾಗಿ ಯಾವ ಧಣಿ ಬಸ್ಸು ಬಿಟ್ಟಾನು? ಅಂಗಡಿಯ ಲೆಕ್ಕದಲ್ಲಿ ಇಪ್ಪತ್ತು ಸ್ಕೂಟರು ಮಾರಾಟವಾದವು, ಊರು ಮುಂದುವರಿಯಿತು. ಊರಿನ ಲೆಕ್ಕದಲ್ಲಿ ಇಪ್ಪತ್ತು ಮನೆ ಸಾಲಕ್ಕೆ ಬಿದ್ದವು, ಮಿಕ್ಕವರು ಊರಲ್ಲೇ ಸೆರೆಯಾದರು.

ಶಕ್ತಿ ಯೋಜನೆ ಇದೆಯಲ್ಲ ಎನ್ನುತ್ತಾರೆ. 2023ರ ಜೂನ್ 11ರಂದು ಆರಂಭವಾದ ಆ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿಗೆ ಹಣ ಕೊಡದೆ ಓಡಾಡುವಂತಾಯಿತು. ಒಳ್ಳೆಯ ಕೆಲಸ, ಅದನ್ನು ಹಳಿಯುವವರ ಜೊತೆ ನಾನಿಲ್ಲ. ಆದರೆ ಸರ್ಕಾರಿ ಬಸ್ಸೇ ಬಾರದ ಮಲೆನಾಡಿನ ಹಳ್ಳಿಯ ಹೆಂಗಸಿಗೆ ಉಚಿತ ಟಿಕೇಟಿನಿಂದ ಏನು ಬಂತು? ಬಾವಿಯಿಲ್ಲದ ಊರಿಗೆ ಹಗ್ಗ ಕೊಟ್ಟಂತಾಯಿತು. ಇತ್ತ ಅದೇ ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಿತು. ಕೇಂದ್ರದ ಅಬಕಾರಿ ಸುಂಕ ಬೇರೆ. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರವೂ ನೂರಕ್ಕೆ 15 ಏರಿತು. ಬಸ್ಸು ಹತ್ತಿದರೂ ತೆರಬೇಕು, ಹತ್ತದಿದ್ದರೂ ತೆರಬೇಕು.

ಇಲ್ಲಿಯವರೆಗೆ ಬರೆದದ್ದು ಹಣದ ಲೆಕ್ಕ. ಇನ್ನೊಂದು ಲೆಕ್ಕವಿದೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ಇಬ್ಬಾಲಿ ವಾಹನದಲ್ಲಿದ್ದವರು. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಮಂತ್ರಾಲಯವೇ ಕೊಟ್ಟ ಅಂಕಿ ಇದು. ಹೆಲ್ಮೆಟ್ಟಿಲ್ಲದೆ ಸತ್ತವರು 50,029. ಹೆಲ್ಮೆಟ್ಟು ಹಾಕಿಕೊಳ್ಳಿ, ಹಿಂದೆ ಕೂತವರಿಗೂ ಹಾಕಿಸಿ. ಇದನ್ನು ಹೇಳಲು ನನಗೆ ಪೋಲೀಸರ ಅಪ್ಪಣೆ ಬೇಕಿಲ್ಲ. ಆದರೆ ಎಲ್ಲ ಸಾವನ್ನೂ ಸವಾರನ ಉಡಾಫೆಗೆ ಕಟ್ಟುವುದನ್ನು ಒಪ್ಪಲಾರೆ. ನಲವತ್ತು ಜನ ಒಂದು ಬಸ್ಸಿನಲ್ಲಿ ಹೋಗಬೇಕಾದ ರಸ್ತೆಯಲ್ಲಿ, ಮಳೆಗಾಲದ ಮಸುಕಿನಲ್ಲಿ, ಮರಳು ಲಾರಿಗಳ ನಡುವೆ, ನಲವತ್ತು ಜನರನ್ನು ನಲವತ್ತು ಸ್ಕೂಟರಿನ ಮೇಲೆ ಬಿಟ್ಟವರು ಯಾರು?

ನನ್ನ ಜೊತೆಯ ಮೇಷ್ಟರೊಬ್ಬರ ಕಥೆ ಹೇಳುತ್ತೇನೆ. ಅವರೂ ನನ್ನ ಹಾಗೆಯೇ ಕಂತಿನ ಮೇಲೆ ಸ್ಕೂಟರು ಕೊಂಡವರು. ಅವರ ಸಾಲಕ್ಕೆ ಜಾಮೀನು ಹಾಕಿದ್ದವನು ನಾನು. 2023ರ ಜುಲೈ ತಿಂಗಳ ಒಂದು ಬೆಳಿಗ್ಗೆ ಜಡಿಮಳೆಯಲ್ಲಿ ಶಾಲೆಗೆ ಬರುವಾಗ, ನೀರು ತುಂಬಿದ ಗುಂಡಿ ಕಾಣದೆ ಬಿದ್ದರು. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಶಾಲೆ ಇನ್ನು ಎರಡು ಕಿಲೋಮೀಟರು ಇತ್ತು. ಆರು ತಿಂಗಳು ಮನೆಯಲ್ಲಿ ಮಲಗಿದರು. ಸಂಬಳ ಮೊದಲ ತಿಂಗಳೇ ನಿಂತಿತು, ಕಂತು ನಿಲ್ಲಲಿಲ್ಲ. ಕಂಪನಿಯ ವಸೂಲಿ ಹುಡುಗರು ಮೊದಲು ಅವರ ಮನೆಗೆ ಹೋದರು, ಆಮೇಲೆ ನನ್ನ ಮನೆಗೆ ಬಂದರು. ನಾಲ್ಕು ಕಂತು ನಾನು ಕಟ್ಟಿದೆ. ಆ ನಾಲ್ಕು ತಿಂಗಳು ನನ್ನ ಮನೆಯಲ್ಲಿ ಹಾಲು ನಿಂತಿತು.

ಆಡಳಿತ ಮಂಡಳಿಯವರ ಬಳಿ ಹೋಗಿ, ಅರ್ಧ ಸಂಬಳವನ್ನಾದರೂ ಕೊಡಿ ಎಂದು ಕೇಳಿದೆವು. ಅವರು ಒರಟಾಗಿ ಮಾತನಾಡಲಿಲ್ಲ. ಕಾಫಿ ತರಿಸಿಕೊಟ್ಟು ಹೇಳಿದರು: “ನೋಡಿ ಮೇಷ್ಟ್ರೇ, ಗೇಟಿನ ಒಳಗೆ ಬಿದ್ದಿದ್ರೆ ನಮ್ಮ ಜವಾಬ್ದಾರಿ ಅನ್ನಬಹುದಿತ್ತು. ರಸ್ತೇಲಿ ಬಿದ್ದದ್ದಕ್ಕೆ ನಾವೇನು ಮಾಡೋಕಾಗುತ್ತೆ?”

ಎಲ್ಲ ಪ್ರಶ್ನೆಯೂ ಆ ಗೇಟಿನಲ್ಲಿದೆ. ಗೇಟಿನ ಒಳಗೆ ಬಂದ ಮೇಲೆ ಮಾತ್ರ ನಾನು ಅವರ ಕೆಲಸಗಾರ. ಗೇಟಿನವರೆಗೆ ಬರುವ ದಾರಿ, ಅದರ ಖರ್ಚು, ಅದರ ಸಾಲ, ಅದರ ಸಾವು ಎಲ್ಲವೂ ನನ್ನ ಸ್ವಂತದ್ದು. ಆದರೆ ಎಂಟೂಮುಕ್ಕಾಲಿಗೆ ಒಂದು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಡಿತ! ದಾರಿ ನನ್ನದಾದರೆ ಹೊತ್ತು ಹೇಗೆ ಅವರದಾಯಿತು?

ಆ ದಿನವೇ ಶಾಲೆ ಬಿಡಬೇಕೆನ್ನಿಸಿತು. ಬಿಡಲಾಗಲಿಲ್ಲ, ಸ್ಕೂಟರಿನ ಕಂತು ಇನ್ನೂ ಹದಿನಾಲ್ಕು ಇತ್ತು. ಕೊನೆಯ ಕಂತು ಕಟ್ಟಿದ್ದು 2024ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದೆ. ಸ್ಕೂಟರು ಕೊಂಡರೆ ಸ್ವಾತಂತ್ರ್ಯ ಎಂದು ಜಾಹೀರಾತು ಹೇಳುತ್ತದೆ. ಕೆಲಸಕ್ಕೆ ಹೋಗಲೆಂದು ಸ್ಕೂಟರು ಕೊಂಡೆ, ಸ್ಕೂಟರಿನ ಸಾಲಕ್ಕಾಗಿ ಕೆಲಸಕ್ಕೆ ಹೋದೆ.

ಆಡಳಿತ ಮಂಡಳಿಯವರ ಗೇಟಿನ ನ್ಯಾಯ ನ್ಯಾಯವಲ್ಲವೆಂದು ಈಗ ದೇಶದ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರ 2003ರ ಏಪ್ರಿಲ್ 22ರ ನಸುಕಿನಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಪಾಳಿಗೆ ಹೋಗುತ್ತಿದ್ದಾಗ, ಕಾರ್ಖಾನೆ ಇನ್ನು ಸುಮಾರು ಐದು ಕಿಲೋಮೀಟರು ಇರುವಾಗ ಅಪಘಾತದಲ್ಲಿ ಸತ್ತ. ಪರಿಹಾರಕ್ಕಾಗಿ ಅವನ ಹೆಂಡತಿ ಮಕ್ಕಳು ಇಪ್ಪತ್ತೆರಡು ವರ್ಷ ಕಾದರು. 2025ರ ಜುಲೈ 29ರಂದು ನ್ಯಾಯಾಲಯ ತೀರ್ಪು ಕೊಟ್ಟಿತು: ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತಕ್ಕೂ ಆ ಕೆಲಸಕ್ಕೂ ಹೊತ್ತು, ಸ್ಥಳ, ಸಂದರ್ಭದ ಸಂಬಂಧವಿದ್ದರೆ ಅದು ಕೆಲಸದಲ್ಲೇ ಆದ ಅಪಘಾತ. 1923ರ ನೌಕರರ ಪರಿಹಾರ ಕಾಯಿದೆಗೂ ಇದು ಅನ್ವಯವೆಂದಿತು. ಇಎಸ್‌ಐ ಕಾಯಿದೆಯಲ್ಲಂತೂ ಈ ಮಾತನ್ನು 2010ರಲ್ಲೇ ಸೇರಿಸಲಾಗಿತ್ತು. ಈ ಕಾಯಿದೆಗಳ ವ್ಯಾಪ್ತಿಗೆ ಎಲ್ಲ ದುಡಿಮೆಗಾರರೂ ಬರುತ್ತಿರಲಿಲ್ಲ, ನಿಜ. ಆದರೆ ತತ್ತ್ವ ಒಂದು ಇತ್ಯರ್ಥವಾಯಿತು. ದಾರಿಯಲ್ಲಿ ಆದ ಸಾವು ಕೆಲಸದ ಲೆಕ್ಕಕ್ಕೆ ಸೇರುವುದಾದರೆ, ದಾರಿಯ ಖರ್ಚು ಏಕೆ ಸೇರಬಾರದು? ಸತ್ತವನಿಗೆ ಒಂದು ನ್ಯಾಯ, ಬದುಕಿರುವವನಿಗೆ ಇನ್ನೊಂದೆ?

ಇದು ಆಗದ ಹೋಗದ ಮಾತೆಂದು ನಗುವವರು ಫ್ರಾನ್ಸಿನ ಕಡೆ ನೋಡಲಿ. ಅಲ್ಲಿ 1971ರಲ್ಲೇ ಪ್ಯಾರಿಸ್ ಪ್ರಾಂತದಲ್ಲಿ, ಆಮೇಲೆ ಇತರ ಊರುಗಳಲ್ಲಿ, ಕೆಲಸ ಕೊಡುವವರ ಮೇಲೆ ಸಾರಿಗೆ ತೆರಿಗೆ ಹಾಕಿದರು. ಆ ಹಣ ಬಸ್ಸು ರೈಲುಗಳಿಗೆ ಹೋಗುತ್ತದೆ. ನೌಕರನ ಬಸ್ ಪಾಸಿನ ಅರ್ಧವನ್ನೂ ಕೆಲಸ ಕೊಟ್ಟವನೇ ತೆರಬೇಕು. ಅದೇನು ಕೆಂಪು ಬಾವುಟದ ದೇಶವಲ್ಲ, ಬಂಡವಾಳಗಾರರ ದೇಶವೇ. ಕೆಲಸಗಾರ ಬಾಗಿಲಿಗೆ ಬರದಿದ್ದರೆ ಕಾರ್ಖಾನೆ ನಡೆಯದೆಂಬ ಸಾಮಾನ್ಯ ಜ್ಞಾನ ಅಲ್ಲಿಯ ಧಣಿಗಳಿಗೂ ಇದೆ.

ನನ್ನ ಮೇಲೆ ಬರಬಹುದಾದ ಆಕ್ಷೇಪಗಳಿಗೆ ಇಲ್ಲೇ ಉತ್ತರಿಸುತ್ತೇನೆ. ಮೊದಲನೆಯದು, ಸ್ಕೂಟರಿನಿಂದ ಹೆಣ್ಣುಮಕ್ಕಳಿಗೆ ಸ್ವಾತಂತ್ರ್ಯ ಬಂದಿದೆ. ಇದು ನಿಜ; ತಲೆಬಾಗಿ ಒಪ್ಪುತ್ತೇನೆ. ಅಣ್ಣನೋ ಗಂಡನೋ ಕರೆದೊಯ್ಯಲೆಂದು ಕಾಯುತ್ತಿದ್ದ ಹುಡುಗಿ ಇಂದು ತಾನೇ ಹ್ಯಾಂಡಲ್ ಹಿಡಿದು ಬ್ಯಾಂಕಿಗೆ, ಕಾಲೇಜಿಗೆ, ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬೇಕೆಂದು ಕೊಂಡ ಸ್ಕೂಟರು ಬೇರೆ, ಬೇರೆ ದಾರಿಯಿಲ್ಲದೆ ಕೊಂಡ ಸ್ಕೂಟರು ಬೇರೆ. ಊರಿಗೆ ಬಸ್ಸಿದ್ದೂ ಸ್ಕೂಟರು ಕೊಂಡರೆ ಅದು ಸ್ವಾತಂತ್ರ್ಯ.

ಎರಡನೆಯದು, ಪೆಟ್ರೋಲಿನ ಗೋಳು ಯಾಕೆ, ಎಲೆಕ್ಟ್ರಿಕ್ ಸ್ಕೂಟರು ಕೊಳ್ಳಿ ಎಂಬ ಹೊಸ ಉಪದೇಶ. ಹೊಗೆಯಿಲ್ಲ, ಓಡಿಸುವ ಖರ್ಚು ಕಡಿಮೆ, ಒಪ್ಪಿದೆ. ಚೇತಕ್ ಕೂಡ 2020ರಲ್ಲಿ ಎಲೆಕ್ಟ್ರಿಕ್ ಆಗಿ ಮತ್ತೆ ಬಂದಿತು. ಆದರೆ ಅದರ ಬೆಲೆ ಆಗಲೇ ಲಕ್ಷ ರೂಪಾಯಿ. ಕೇಂದ್ರದ ಫೇಮ್ ಎರಡನೆಯ ಯೋಜನೆಯಲ್ಲಿ ಇಂಥ ವಾಹನಗಳಿಗೆ ಕೊಡುತ್ತಿದ್ದ ಸಹಾಯಧನವನ್ನು 2021ರ ಜೂನ್‌ನಲ್ಲಿ ಏರಿಸಿ, 2023ರ ಜೂನ್‌ನಲ್ಲಿ ಇಳಿಸಿದರು. 2024ರ ಮಾರ್ಚಿಗೆ ಆ ಯೋಜನೆಯೇ ಮುಗಿಯಿತು. ಪೆಟ್ರೋಲಿನ ಬದಲು ಕರೆಂಟು ಹಾಕಿದರೂ ಕಂತು ಕಂತೇ, ಗುಂಡಿ ಗುಂಡಿಯೇ, ಗೇಟು ಗೇಟೇ.

ಮೂರನೆಯದು, “ನೀವೂ ಸ್ಕೂಟರಿನಲ್ಲೇ ತಿರುಗುತ್ತೀರಲ್ಲ?” ಹೌದು, ತಿರುಗುತ್ತೇನೆ. ಬಸ್ಸಿಲ್ಲದ ಊರುಗಳಿಗೆ ಹೋಗಿ ಬಸ್ಸು ಕೇಳಿ ಎಂದು ಹೇಳಬೇಕಾದರೆ ಬೇರೆ ಉಪಾಯವಿಲ್ಲ. ಜೈಲಿನ ಊಟ ಉಂಡವನು ಜೈಲನ್ನು ಟೀಕಿಸಬಾರದೆಂಬ ನಿಯಮ ನಮ್ಮ ಹಿರಿಯರ ಕಾಲದಲ್ಲೂ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು? ನಾಲ್ಕು ಮಾತು.

ಒಂದು: 2020ರಿಂದ ಈಚೆಗೆ ನಿಂತ ಪ್ರತಿಯೊಂದು ಬಸ್ಸಿನ ಪಟ್ಟಿ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಆಗಬೇಕು. ಖಾಸಗಿಯವರು ಓಡಿಸದ ದಾರಿಯಲ್ಲಿ ಸರ್ಕಾರಿ ಬಸ್ಸು ಓಡಬೇಕು. ಅದೂ ಆಗದಿದ್ದರೆ ಕೊಪ್ಪದ ಮಾದರಿಯಲ್ಲಿ ಕೆಲಸಗಾರರ ಸಹಕಾರ ಸಂಘಕ್ಕೆ ದಾರಿಯನ್ನೂ ನೆರವನ್ನೂ ಕೊಡಬೇಕು. ಬಸ್ಸಿನ ಹೊತ್ತು ಶಾಲೆ, ಕಾರ್ಖಾನೆ, ಆಸ್ಪತ್ರೆಯ ಹೊತ್ತಿಗೆ ಹೊಂದಬೇಕು.

ಎರಡು: ಬಸ್ಸಿಲ್ಲದ ಜಾಗದಲ್ಲಿ ಕೆಲಸ ಕೊಡುವವರು, ಶಾಲೆಯಾಗಲಿ ಅಂಗಡಿಯಾಗಲಿ ಗಾರ್ಮೆಂಟ್ಸ್ ಆಗಲಿ, ಓಡಾಟದ ಖರ್ಚನ್ನು ಸಂಬಳದ ಮೇಲೆ ಬೇರೆಯಾಗಿ ತೆರಬೇಕು.

ಮೂರು: ದಾರಿಯ ಅಪಘಾತ ಕೆಲಸದ ಅಪಘಾತ ಎಂಬ ತೀರ್ಪಿನ ಫಲ, ಕಾಯಿದೆಯ ಪಟ್ಟಿಯ ಹೊರಗಿರುವ ಖಾಸಗಿ ಮೇಷ್ಟರು, ಅಂಗಡಿ ಆಳು, ಮನೆಗೆಲಸದ ಹೆಂಗಸರಿಗೂ ಸಿಕ್ಕಬೇಕು.

ನಾಲ್ಕು: ಇದು ಸರ್ಕಾರಕ್ಕಲ್ಲ, ನಮಗೇ. 2024ರ ಅಕ್ಟೋಬರ್ 1ರಿಂದ ಸಾಲ ಕೊಡುವ ಬ್ಯಾಂಕು, ಕಂಪನಿಗಳು ಸಹಿ ಹಾಕಿಸುವ ಮೊದಲೇ ಸಾಲದ ಮುಖ್ಯ ಅಂಶಗಳ ಪತ್ರವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಎಲ್ಲ ಖರ್ಚೂ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ಅದು ಸಾಲ ಪಡೆಯುವವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ನನ್ನ ಕಾಲದಲ್ಲಿ ಅದಿರಲಿಲ್ಲ, ನಿಮ್ಮ ಕಾಲದಲ್ಲಿ ಇದೆ. ಕನ್ನಡದಲ್ಲಿ ಕೇಳಿ. ಕೊಡುವವರೆಗೆ ಸಹಿ ಹಾಕಬೇಡಿ. “ನೂರಕ್ಕೆ ಹನ್ನೆರಡು ಸಾರ್” ಎಂಬ ನಗೆಮೊಗಕ್ಕೆ ಮರುಳಾಗಬೇಡಿ. ಓದಲು ಬಾರದ ನೆರೆಯವರಿದ್ದರೆ ನೀವೇ ಜೊತೆಗೆ ಹೋಗಿ ಓದಿ ಹೇಳಿ.

ಕೊನೆಯದಾಗಿ ಒಂದು ವಿನಂತಿ. ವಾಚಕರಲ್ಲಿ ಯಾರು ಯಾರು ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೀರೋ ಅವರು ಒಂದು ಕಾರ್ಡಿನಲ್ಲಿ ನಾಲ್ಕೇ ಅಂಕಿ ಬರೆದು ಈ ಪತ್ರಿಕೆಗೆ ಕಳುಹಿಸಿ: ದೂರ ಎಷ್ಟು, ಸಂಬಳ ಎಷ್ಟು, ಕಂತು ಎಷ್ಟು, ಪೆಟ್ರೋಲು ಎಷ್ಟು. ನಿಮ್ಮ ಊರಿನ ಬಸ್ಸು ಯಾವ ವರ್ಷ ನಿಂತಿತೆಂಬುದನ್ನೂ ಬರೆಯಿರಿ. ಹೆಸರು ಬೇಡ. ನೂರು ಕಾರ್ಡು ಬಂದರೆ ನೂರನ್ನೂ ಕೂಡಿಸಿ ಇದೇ ಪುಟದಲ್ಲಿ ಅಚ್ಚು ಹಾಕೋಣ. ಆಮೇಲೆ ಅದರ ಒಂದು ಪ್ರತಿಯನ್ನು ಹಿಡಿದು, ಹೋಟೆಲಿನಲ್ಲಿ ನನ್ನ ಬಡತನವನ್ನು ತೋರಿಸಿ ಎಂದ ಆ ಮಹನೀಯರ ಮನೆಗೆ ನಾನೇ ಹೋಗಿ ಕೊಟ್ಟು ಬರುತ್ತೇನೆ. ಸ್ಕೂಟರಿನಲ್ಲೇ ಹೋಗುತ್ತೇನೆ, ಅವರ ಊರಿಗೂ ಬಸ್ಸಿಲ್ಲ.